ಸಾಸಿವೆ ಬಣ್ಣದ ಕೋಟಿನ ಹೆಂಗಸು

ಇಪ್ಪತ್ತೆರಡು ಮಕ್ಕಳನ್ನು ಪರದೇಶಕ್ಕೆ ಕರೆದುಕೊಂಡು ಹೋಗುವುದು ದೊಡ್ಡ ಮಾತಲ್ಲ, ಇಪ್ಪತ್ತೆರಡನ್ನೂ ವಾಪಸು ತರುವುದು ದೊಡ್ಡ ಮಾತು ಎಂದು ಗಣಿತದ ಮೇಡಂ ಹೊರಡುವ ದಿನವೇ ಹೇಳಿದ್ದರು. ಹೇಳಿದ್ದಕ್ಕೆ ತಕ್ಕಂತೆ ಪ್ರವಾಸದ ಮೊದಲ ಆರು ದಿನವೂ ಅವರ ಬಾಯಲ್ಲಿ ಎಣಿಕೆ ನಿಂತಿರಲಿಲ್ಲ. ಬಸ್ಸು ಹತ್ತುವಾಗ ಎಣಿಸಿದರು, ಇಳಿಯುವಾಗ ಎಣಿಸಿದರು, ಲಿಫ್ಟಿನ ಬಾಗಿಲು ಮುಚ್ಚುವ ಮೊದಲು ಒಂದು ಸಲ, ತೆರೆದ ಮೇಲೆ ಇನ್ನೊಂದು ಸಲ ಎಣಿಸಿದರು. ಲಿಫ್ಟಿನ ಒಳಗಿಂದ ಮಕ್ಕಳು ಆವಿಯಾಗಿ ಹೋಗುತ್ತಾರೆಯೇ ಎಂದು ಡ್ರಾಯಿಂಗ್ ಮೇಷ್ಟ್ರು ನಕ್ಕಾಗಲೂ ಅವರು ನಗಲಿಲ್ಲ. ಎಲ್ಲರ ಪಾಸ್‌ಪೋರ್ಟುಗಳನ್ನೂ ಒಂದು ಜಿಪ್ಪಿನ ಚೀಲಕ್ಕೆ ಹಾಕಿ, ಆ ಚೀಲವನ್ನು ಸ್ವೆಟರಿನ ಒಳಗೆ ಹೊಟ್ಟೆಗೆ ಕಟ್ಟಿಕೊಂಡಿದ್ದರು. ಮಕ್ಕಳು ಬೆನ್ನ ಹಿಂದೆ ಅವರಿಗೆ ಸಿಸಿ ಕ್ಯಾಮೆರಾ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಒಳಗೊಳಗೇ ಸ್ವಲ್ಪ ಹೆಮ್ಮೆಯನ್ನೂ ಪಟ್ಟಿದ್ದರು.

ಆ ಹೆಂಗಸು ಅವರ ಕಣ್ಣಿಗೆ ಮೊದಲು ಬಿದ್ದದ್ದು ಎರಡನೆಯ ದಿನ, ಮತ್ಸ್ಯಾಲಯದಲ್ಲಿ. ಮೊಣಕಾಲಿನವರೆಗೆ ಇಳಿದ ಸಾಸಿವೆ ಬಣ್ಣದ ಕೋಟು, ಕಿವಿ ಮುಚ್ಚುವ ಟೋಪಿ, ಕಪ್ಪು ಕನ್ನಡಕ, ಗಲ್ಲದವರೆಗೂ ಸುತ್ತಿದ ಮಫ್ಲರು. ಅಷ್ಟೆಲ್ಲ ಹೊದ್ದುಕೊಳ್ಳುವಂಥ ಚಳಿ ಹೊರಗೇ ಇರಲಿಲ್ಲ, ಒಳಗಂತೂ ಸೆಕೆ. ಎಲ್ಲರೂ ಗಾಜಿನಾಚೆಯ ಮೀನುಗಳನ್ನು ನೋಡುತ್ತಿದ್ದರೆ ಅವಳು ಮಾತ್ರ ಮೀನಿಗೆ ಬೆನ್ನು ಮಾಡಿ ಮಕ್ಕಳನ್ನು ನೋಡುತ್ತ ನಿಂತಿದ್ದಳು. ಮೂರನೆಯ ದಿನ ದೋಣಿಯಲ್ಲಿ ಅವರಿಗಿಂತ ಎರಡು ಬೆಂಚು ಹಿಂದೆ ಅದೇ ಕೋಟು. ಐದನೆಯ ದಿನ ಗೋಪುರದ ಟಿಕೆಟ್ ಸಾಲಿನಲ್ಲಿ ಮತ್ತೆ ಅದೇ.

"ಮೇಡಂ, ಇದು ಪ್ರವಾಸಿಗಳ ಊರು. ನಾವು ನೋಡೋದನ್ನೇ ಅವರೂ ನೋಡ್ತಾರೆ," ಎಂದರು ಡ್ರಾಯಿಂಗ್ ಮೇಷ್ಟ್ರು. "ಆಯಮ್ಮನ ಕಣ್ಣಿಗೆ ನಾವೇ ಬೆನ್ನು ಹತ್ತಿದ ಹಾಗೆ ಕಾಣ್ತಿರಬಹುದು."

"ಮೀನು ಬಿಟ್ಟು ಮಕ್ಕಳನ್ನ ನೋಡೋಳು ಎಂಥ ಪ್ರವಾಸಿ ಸರ್?"

"ನಿಮ್ಮ ಕೈಗೆ ಹಗ್ಗ ಕೊಟ್ಟರೆ ಅದರ ಹೆಡೆ ಎಲ್ಲಿದೆ ಅಂತ ಹುಡುಕ್ತೀರಿ ನೀವು."

ಮೇಡಂ ಅವರ ಇಪ್ಪತ್ತಾರು ವರ್ಷದ ಅನುಭವದಲ್ಲಿ ಹಗ್ಗವೆಂದು ಬಿಟ್ಟದ್ದೇ ಹಾವಾಗಿ ಹರಿದದ್ದುಂಟು.

ಐದನೆಯ ದಿನ ಸಂಜೆ ರೇಡಿಯೋ ಅವರ ಕೋಣೆಗೆ ಬಂದಳು. ಯಾರ ಗುಟ್ಟೂ ಹೊಟ್ಟೆಯಲ್ಲಿ ನಿಲ್ಲದ ಹುಡುಗಿಯಾದ್ದರಿಂದ ತರಗತಿಯವರು ಅವಳಿಗೆ ಇಟ್ಟ ಹೆಸರು ಅದು. ಅವಳ ಜೊತೆ ಕೋಣೆ ಹಂಚಿಕೊಂಡಿದ್ದವಳು ಗುಬ್ಬಿ. ಹದಿಮೂರು ವರ್ಷದ, ಹೆಸರಿಗೆ ತಕ್ಕಂತೆ ಸಣ್ಣಗಿದ್ದ, ಸಣ್ಣ ದನಿಯ ಹುಡುಗಿ.

"ಮಿಸ್, ನಾನು ಹೇಳಿದೆ ಅಂತ ಹೇಳಬೇಡಿ. ಗುಬ್ಬಿ ದಿನಾ ಬೆಳಿಗ್ಗೆ ನಾನು ಸ್ನಾನಕ್ಕೆ ಹೋದ ಕೂಡಲೇ ಕೆಳಗೆ ಹೋಗಿ ಬರ್ತಾಳೆ. ಕೇಳಿದ್ರೆ ನೀರು ತರೋಕೆ ಅಂತಾಳೆ. ಬಾಟಲಿ ನೋಡಿದ್ರೆ ಖಾಲಿ."

ಮರುದಿನ ಬೆಳಕು ಹರಿಯುವ ಮೊದಲೇ ಗುಬ್ಬಿಯ ಪೆಟ್ಟಿಗೆ ಮೇಡಂ ಕೋಣೆಗೆ ಬಂತು, ಪೆಟ್ಟಿಗೆಯ ಹಿಂದೆ ಗುಬ್ಬಿಯೂ ಬಂದಳು. ಆ ಇಡೀ ದಿನ ಅವಳು ಮೇಡಂ ಕೈಯಳತೆ ಬಿಟ್ಟು ಹೋಗುವಂತಿರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು, ಊಟದಲ್ಲಿ ಪಕ್ಕದ ಕುರ್ಚಿ, ಶೌಚಾಲಯಕ್ಕೆ ಹೋದರೂ ಬಾಗಿಲ ಹೊರಗೆ ಮೇಡಂ. ಹುಡುಗಿ ಏಕೆಂದು ಕೇಳಲಿಲ್ಲ. ಅದೇ ಮೇಡಂಗೆ ಇನ್ನಷ್ಟು ಅನುಮಾನ ತಂದಿತು. ತಪ್ಪಿಲ್ಲದ ಮಕ್ಕಳು ಯಾಕೆ ಮಿಸ್ ಎಂದು ಕೇಳುತ್ತಾರೆ. ಸಾಸಿವೆ ಕೋಟು ಅಂದು ಮೂರು ಸಲ ಕಂಡಿತು. ಮೂರು ಸಲವೂ ಮೇಡಂ ದಿಟ್ಟಿಸಿ ನೋಡಿದ ಮೇಲೆ ಹಿಂದೆ ಸರಿಯಿತು. ರಾತ್ರಿ ಪಕ್ಕದ ಮಂಚದಲ್ಲಿ ಹುಡುಗಿ ನಿದ್ದೆ ಮಾಡದೆ ಹೊರಳಾಡುತ್ತಿದ್ದುದು ಮೇಡಂಗೆ ಕೇಳಿಸುತ್ತಲೇ ಇತ್ತು.

ಹಾಗೆ ಏಳನೆಯ ದಿನ, ಕೊನೆಯ ದಿನ, ಬೆಳಗಾಯಿತು.

ಸಂಜೆ ಐದೂವರೆಗೆ ವಿಮಾನ. ಬೆಳಿಗ್ಗೆ ದೊಡ್ಡ ಅಂಗಡಿಯೊಂದರಲ್ಲಿ ಎರಡು ತಾಸು ಮನೆಯವರಿಗೆ ನೆನಪಿನ ಸಾಮಾನು ಕೊಳ್ಳುವುದು, ಮಧ್ಯಾಹ್ನ ಅಲ್ಲಿಂದಲೇ ವಿಮಾನ ನಿಲ್ದಾಣ. ಹೋಟೆಲಿನ ಕೆಳಗಿನ ಹಜಾರದಲ್ಲಿ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಒಬ್ಬಳ ಚಾರ್ಜರು ಕೋಣೆಯಲ್ಲೇ ಉಳಿದಿತ್ತು, ಇನ್ನೊಬ್ಬನ ಒದ್ದೆ ಟವೆಲ್ಲು ಯಾವ ಪೆಟ್ಟಿಗೆಗೂ ಹಿಡಿಸದೆ ಕೈಯಲ್ಲೇ ಇತ್ತು. ಮೇಡಂ ಕೋಣೆಗಳ ಬೀಗದ ಕಾರ್ಡುಗಳನ್ನು ಕೌಂಟರಿನವನಿಗೆ ಒಂದೊಂದಾಗಿ ಒಪ್ಪಿಸುತ್ತಿದ್ದರು. ಒಂಬತ್ತನೆಯ ಕಾರ್ಡು ಕೊಟ್ಟು ತಿರುಗಿ ನೋಡುವಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಗುಬ್ಬಿ ಇರಲಿಲ್ಲ.

ಗಾಜಿನ ಬಾಗಿಲಿನಾಚೆ, ಫುಟ್‌ಪಾತಿನ ಮೇಲೆ ಇದ್ದಳು. ಎದುರಿಗೆ ಸಾಸಿವೆ ಕೋಟು. ಹೆಂಗಸು ಅವಳ ಕೈಗೆ ಏನನ್ನೋ ತುರುಕಿ, ಅವಳ ಬೆರಳುಗಳನ್ನು ತಾನೇ ಮಡಿಸಿ ಮುಚ್ಚಿದಳು. ಮೇಡಂ ಬಾಗಿಲು ತಳ್ಳಿಕೊಂಡು ಹೊರಗೆ ಓಡಿದರು. ಅಷ್ಟರಲ್ಲಿ ಹೆಂಗಸು ಮೂಲೆ ತಿರುಗಿ ಆಗಿತ್ತು.

"ಕೈ ಬಿಚ್ಚು."

ಗುಬ್ಬಿ ಕೈ ಬಿಚ್ಚಲಿಲ್ಲ. ಮೇಡಂ ಅವಳನ್ನು ಒಳಗೆ ಕರೆದುಕೊಂಡು ಹೋಗಿ, ಹಜಾರದ ಪಕ್ಕದ ಶೌಚಾಲಯದ ಬಾಗಿಲು ಹಾಕಿಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಮಡಿಸಿದ ಕಾಗದ, ಕಾಗದದೊಳಗೆ ನಾಲ್ಕು ಬಿಳಿ ಮಾತ್ರೆ. ಹೆಸರಿಲ್ಲ, ಚೀಟಿಯಿಲ್ಲ.

"ಏನಿದು?"

"ವಿಟಮಿನ್ ಮಿಸ್."

"ವಿಟಮಿನ್‌ನ ಫುಟ್‌ಪಾತ್ ಮೇಲೆ ನಿಂತು ಹಂಚ್ತಾರಾ? ಯಾರು ಅವಳು?"

"ಗೊತ್ತಿಲ್ಲ ಮಿಸ್."

"ಗೊತ್ತಿಲ್ಲದೋರು ಕೊಟ್ಟಿದ್ದನ್ನ ಮುಷ್ಟಿ ಕಟ್ಟಿ ಹಿಡ್ಕೋತೀಯಾ?"

ಹುಡುಗಿ ತುಟಿ ಕಚ್ಚಿದಳು. ಅವಳ ಕಣ್ಣ ಕೆಳಗೆ ಮಸಿ ಹಚ್ಚಿದಂತೆ ಕಪ್ಪಾಗಿತ್ತು. ನಿದ್ದೆಗೆಟ್ಟ ಮುಖ. ಆ ಮುಖ ಮೇಡಂಗೆ ತಪ್ಪು ಮಾಡಿದ ಮುಖವಾಗಿ ಕಂಡಿತು. ಅರಿಯದ ಮಕ್ಕಳ ಚೀಲದಲ್ಲಿ ಮಾದಕ ವಸ್ತು ಇಟ್ಟು ಗಡಿ ದಾಟಿಸುವವರ ಸುದ್ದಿಯನ್ನು ಅವರು ಪತ್ರಿಕೆಗಳಲ್ಲಿ ಎಷ್ಟೋ ಸಲ ಓದಿದ್ದರು. ಮೊದಲು ನಾಲ್ಕು ಮಾತ್ರೆ ಕೊಟ್ಟು ರುಚಿ ಹತ್ತಿಸುತ್ತಾರೆ, ಆಮೇಲೆ ಪೊಟ್ಟಣ. ವಿಮಾನ ನಿಲ್ದಾಣದಲ್ಲಿ ಮೂಸುವ ನಾಯಿಗಳು ಇಪ್ಪತ್ತೆರಡು ಪೆಟ್ಟಿಗೆಗಳ ಸುತ್ತ ತಿರುಗುವ ಚಿತ್ರ ಕಣ್ಣ ಮುಂದೆ ಬಂತು. ಇದನ್ನು ಇಟ್ಟುಕೊಂಡರೆ ತಾವೇ ಸಿಕ್ಕಿಬೀಳುತ್ತೇವೆ.

ಅವರು ಮಾತ್ರೆಗಳನ್ನು ಕಮೋಡಿಗೆ ಸುರಿದು ನೀರು ಬಿಟ್ಟರು.

"ಮಿಸ್, ಬೇಡ ಮಿಸ್!" ಹುಡುಗಿ ಅವರ ಮೊಣಕೈ ಹಿಡಿದಳು. ಏಳು ದಿನದಲ್ಲಿ ಅವಳ ದನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು.

"ನೋಡಿದ್ಯಾ, ಆಗಲೇ ಹೇಗಾಡ್ತಿದೀಯ. ಯಾಕೆ ಬೇಡ? ಹೇಳು ಮತ್ತೆ."

ಗುಬ್ಬಿ ಬಾಯಿ ತೆರೆದಳು, ಮುಚ್ಚಿದಳು.

ಬಸ್ಸಿನಲ್ಲಿ ಡ್ರಾಯಿಂಗ್ ಮೇಷ್ಟ್ರಿಗೆ ವಿಷಯ ತಿಳಿಸಿದಾಗ ಅವರ ನಗು ಎಂದಿನಂತೆ ಬರಲಿಲ್ಲ. "ಬಿಸಾಕಬಾರದಿತ್ತೇನೋ ಮೇಡಂ. ಯಾರಿಗಾದ್ರೂ ತೋರಿಸಬಹುದಿತ್ತು," ಎಂದರು.

"ಯಾರಿಗೆ? ಪೊಲೀಸರಿಗಾ? ಹೇಳಿಕೆ ಬರೆಸ್ಕೊಳ್ತಾ ಕೂರಿಸಿದ್ರೆ ವಿಮಾನ ಕಾಯತ್ತಾ?"

ಮುಂದಿನ ಸೀಟಿನಲ್ಲಿ ಗೈಡು ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು. ಆ ಊರಿನ ಹೆಣ್ಣುಮಗಳು, ವಾರವಿಡೀ ಹಸನ್ಮುಖಿಯಾಗಿ ಪುಟ್ಟ ಕೆಂಪು ಬಾವುಟ ಹಿಡಿದು ನಡೆದವಳು. ನಮ್ಮ ಕಾರ್ಯಕ್ರಮದ ಪಟ್ಟಿ ಆ ಕೋಟಿನವಳಿಗೆ ಸಿಕ್ಕಿದ್ದಾದರೂ ಎಲ್ಲಿಂದ? ಇವಳಿಂದಲೇ ಇರಬಹುದಲ್ಲ? ಹಾಗೆಂದು ಹೊಳೆದದ್ದೇ ಗೈಡಿನ ನಗುವೂ ಮೇಡಂಗೆ ಬೇರೆಯಾಗಿ ಕಾಣತೊಡಗಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡರು.

ಆದರೂ ಅಂಗಡಿಯ ಬಾಗಿಲಲ್ಲಿ ಅವರಿಗೆ ಗೈಡಿನ ಸಹಾಯ ಬೇಕಾಯಿತು. ಅಂಗಡಿಯ ಕಾವಲುಗಾರ ಆರಡಿ ಎತ್ತರದ ಆಳು, ಅವನಿಗೆ ಇಂಗ್ಲಿಷು ಬಾರದು. ಸಾಸಿವೆ ಬಣ್ಣದ ಕೋಟು ಹಾಕಿದ ಹೆಂಗಸು ನಮ್ಮ ಮಕ್ಕಳ ಬೆನ್ನು ಹತ್ತಿದ್ದಾಳೆ, ಒಬ್ಬಳಿಗೆ ಬೆಳಿಗ್ಗೆ ಏನೋ ಕೊಟ್ಟಿದ್ದಾಳೆ, ಬಂದರೆ ಹಿಡಿದು ನಿಲ್ಲಿಸಬೇಕು ಎಂದು ಗೈಡಿನ ಮೂಲಕ ಹೇಳಿಸಿದರು. ಗೈಡು ಹೇಳುವಾಗ ಅವಳ ಮುಖವನ್ನೇ ನೋಡುತ್ತಿದ್ದರು, ಮಾತು ತಿರುಚುತ್ತಾಳೋ ಎಂದು. ತಿರುಚಿದರೂ ಅವರಿಗೆ ಗೊತ್ತಾಗುವಂತಿರಲಿಲ್ಲ. ಕಾವಲುಗಾರ ಗಂಭೀರವಾಗಿ ತಲೆಯಾಡಿಸಿ ವಾಕಿಟಾಕಿಯಲ್ಲಿ ಏನೋ ಅಂದ.

ಮೂರನೆಯ ಮಹಡಿಯಲ್ಲಿ ಕಾಗದ, ಪೆನ್ನು, ಬಣ್ಣಗಳ ವಿಭಾಗ. ಮಕ್ಕಳು ಜೇನುಹುಳುಗಳಂತೆ ಮುತ್ತಿದರು. ಅಪ್ಪನಿಗೆ ಒಂದು, ಅಜ್ಜಿಗೆ ಒಂದು, ಪಕ್ಕದ ಮನೆಯ ಪುಟಾಣಿಗೆ ಒಂದು ಎಂದು ಆರಿಸಿದ್ದೂ ಆರಿಸಿದ್ದೇ. ಗುಬ್ಬಿ ಮಾತ್ರ ಏನನ್ನೂ ಕೊಳ್ಳಲಿಲ್ಲ. ಪೆನ್ನು ಬರೆದು ನೋಡಲೆಂದು ಕಟ್ಟಿಟ್ಟಿದ್ದ ಕಾಗದದ ಮುಂದೆ ನಿಂತು ನೀಲಿ ಶಾಯಿಯಲ್ಲಿ ಸುಮ್ಮನೆ ಸೊನ್ನೆಗಳನ್ನು ಸುತ್ತುತ್ತಿದ್ದಳು. ಮೇಡಂ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದರು.

ಸ್ವಲ್ಪ ಹೊತ್ತಿಗೆಲ್ಲ ಕಾವಲುಗಾರ ಮೆಟ್ಟಿಲು ಹತ್ತಿ ಬಂದ. ಅವನ ಮುಷ್ಟಿಯಲ್ಲಿ ಸಾಸಿವೆ ಬಣ್ಣದ ತೋಳು. ಹೆಂಗಸಿನ ಟೋಪಿ ಓರೆಯಾಗಿತ್ತು, ಕಪ್ಪು ಕನ್ನಡಕ ಎಲ್ಲೋ ಬಿದ್ದುಹೋಗಿತ್ತು. ಇವಳೇನಾ ಎಂಬಂತೆ ಕಾವಲುಗಾರ ಮೇಡಂ ಕಡೆ ನೋಡಿದ. ಮೇಡಂ ಹೌದೆಂದು ತಲೆಯಾಡಿಸಿದರು. ವಾರವಿಡೀ ತಾವು ಒಬ್ಬರೇ ಸರಿ, ಉಳಿದವರೆಲ್ಲ ಕಣ್ಣು ಮುಚ್ಚಿಕೊಂಡಿದ್ದವರು ಎಂಬುದು ಸಾಬೀತಾಯಿತಲ್ಲ ಎಂದು ಆ ಒಂದು ಕ್ಷಣ ಅವರಿಗೆ ಸಮಾಧಾನವೇ ಆಯಿತು.

ಹೆಂಗಸು ಅವರನ್ನು ನೋಡಲೇ ಇಲ್ಲ. ಅವಳ ಕಣ್ಣು ಮೇಡಂ ಭುಜದಾಚೆ ನೆಟ್ಟಿತ್ತು.

ಮೇಡಂ ತಿರುಗಿದರು. ಗುಬ್ಬಿಯ ಕೈ ಒಮ್ಮೆ ಝಾಡಿಸಿದಂತಾಗಿ, ನೀಲಿ ಗೆರೆ ಕಾಗದ ದಾಟಿ ಮೇಜಿನ ಮೇಲೆ ಹರಿಯಿತು. ಮರುಕ್ಷಣ ಹುಡುಗಿ ಪೆನ್ನುಗಳ ಸ್ಟ್ಯಾಂಡಿನ ಸಮೇತ ನೆಲಕ್ಕೆ ಬಿದ್ದಳು. ಬೆನ್ನು ಬಿಲ್ಲಿನಂತೆ ಬಾಗಿತು, ಹಲ್ಲು ಕಚ್ಚಿಕೊಂಡವು, ಕೈಕಾಲು ನೆಲಕ್ಕೆ ಬಡಿಯತೊಡಗಿದವು. ಮಕ್ಕಳು ಕಿರುಚಿದರು. ಡ್ರಾಯಿಂಗ್ ಮೇಷ್ಟ್ರು ಓಡಿಬಂದು ಅವಳ ಕೈಗಳನ್ನು ಒತ್ತಿ ಹಿಡಿದರು.

"ಹಿಡೀಬೇಡಿ! ಕೈಕಾಲು ಹಿಡೀಬೇಡಿ! ಪಕ್ಕಕ್ಕೆ ತಿರುಗಿಸಿ ಅವಳನ್ನ!"

ಯಾರು ಕೂಗಿದ್ದೆಂದು ಮೇಡಂಗೆ ಮೊದಲು ತಿಳಿಯಲಿಲ್ಲ. ತಮ್ಮ ಭಾಷೆ, ತಮ್ಮ ಊರಿನದೇ ಮಾತು. ಕೂಗಿದವಳು ಕಾವಲುಗಾರನ ಕೈಯಲ್ಲಿ ಕೋಟಿನ ತೋಳನ್ನು ಬಿಟ್ಟು, ಕೋಟಿನೊಳಗಿಂದ ಜಾರಿಕೊಂಡು ಬಂದು ಹುಡುಗಿಯ ಪಕ್ಕ ಕುಸಿದು ಕೂತಾಗಿತ್ತು. ಮಫ್ಲರನ್ನು ಮಡಿಸಿ ತಲೆಯಡಿ ಇಟ್ಟಳು. ಹುಡುಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿದಳು. ಕತ್ತಿನ ಗುಂಡಿ ಬಿಚ್ಚಿ, ಗಡಿಯಾರ ನೋಡಿದಳು. ಆಮೇಲೆ ಮುಟ್ಟಲಿಲ್ಲ. "ಆಯ್ತು ಪುಟ್ಟಿ, ಆಯ್ತು, ಇಲ್ಲೇ ಇದೀನಿ," ಎನ್ನುತ್ತ ಗಡಿಯಾರವನ್ನೇ ನೋಡುತ್ತ ಕೂತಳು. ಎಷ್ಟೋ ಸಲ ಹಾಗೆ ಕೂತು ರೂಢಿಯಾದವರ ಹಾಗೆ.

"ಯಾರು ನೀವು?" ಮೇಡಂ ಕೇಳಿದರು.

"ಅವಳ ಅಮ್ಮ," ಎಂದಳು ಹೆಂಗಸು, ತಲೆಯೆತ್ತದೆ.

ಆಂಬುಲೆನ್ಸಿನಲ್ಲಿ ಗುಬ್ಬಿಯ ಜೊತೆ ಇಬ್ಬರೂ ಹತ್ತಿದರು. ಉಳಿದ ಇಪ್ಪತ್ತೊಂದು ಮಕ್ಕಳನ್ನು ಡ್ರಾಯಿಂಗ್ ಮೇಷ್ಟ್ರು ಮತ್ತು ಗೈಡು ವಿಮಾನ ನಿಲ್ದಾಣಕ್ಕೆ ಕರೆದೊಯ್ಯುವುದೆಂದಾಯಿತು. ಮೇಡಂ ಹೊಟ್ಟೆಯ ಚೀಲದಿಂದ ಗುಬ್ಬಿಯದೂ ತಮ್ಮದೂ ಬಿಟ್ಟು ಉಳಿದ ಪಾಸ್‌ಪೋರ್ಟುಗಳನ್ನು ಮೇಷ್ಟ್ರ ಕೈಗೆ ಕೊಟ್ಟರು. ಏಳು ದಿನದಲ್ಲಿ ಅವು ಅವರ ಮೈಬಿಟ್ಟು ಹೋದದ್ದು ಅದೇ ಮೊದಲು. ಗೈಡು ತನ್ನ ಮೊಬೈಲ್ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟು, ಆಸ್ಪತ್ರೆಯವರೊಡನೆ ಮಾತಾಡುವುದು ಕಷ್ಟವಾದರೆ ಫೋನ್ ಮಾಡಿ ಎಂದಳು. ಅವಳನ್ನು ಅನುಮಾನಿಸಿದ್ದಕ್ಕೆ ನಾಚಿಕೊಳ್ಳಲೂ ಆಗ ಹೊತ್ತಿರಲಿಲ್ಲ.

ಆಂಬುಲೆನ್ಸಿನಲ್ಲಿ ಮೇಡಂ ಆ ಹೆಂಗಸಿನ ಮುಖವನ್ನು ಕದ್ದು ಕದ್ದು ನೋಡಿದರು. ಗುಬ್ಬಿಯ ಮೂಗು, ಗುಬ್ಬಿಯ ಹಣೆ. ಆದರೂ ಪೂರ್ತಿ ನಂಬಿಕೆ ಬರಲಿಲ್ಲ. ಪೋಷಕರ ಸಭೆಗೆ ಯಾವಾಗಲೂ ಬರುತ್ತಿದ್ದದ್ದು ಅಪ್ಪ. ಅಮ್ಮನಿಗೆ ಹೊಲಿಗೆ ಅಂಗಡಿ ಇದೆ, ಬಿಡುವಿಲ್ಲ ಎಂದು ಅವರು ಹೇಳಿದ್ದು ನೆನಪಿತ್ತು. ಅಷ್ಟು ದೂರದ ಊರಿನ ಹೊಲಿಗೆ ಅಂಗಡಿಯವಳು ಇಲ್ಲಿ, ಹೀಗೆ, ವೇಷ ಮರೆಸಿಕೊಂಡು? ಮೂರ್ಛೆ ಬಂದಾಗ ಏನು ಮಾಡಬೇಕೆಂದು ದಾದಿಯರಿಗೂ ಗೊತ್ತಿರುತ್ತದೆ. ಅಷ್ಟಕ್ಕೇ ತಾಯಿಯೆಂದು ಒಪ್ಪುವುದು ಹೇಗೆ?

ಆಗ ಗುಬ್ಬಿ ಅರೆಗಣ್ಣು ಬಿಟ್ಟು, ನಾಲಿಗೆ ತೊದಲುತ್ತ, "ಅಮ್ಮಾ, ನಾನು ಹೇಳ್ಲಿಲ್ಲಮ್ಮ," ಎಂದಳು.

ಮೇಡಂ ಕಿಟಕಿಯ ಕಡೆ ಮುಖ ತಿರುಗಿಸಿದರು.

ಆಸ್ಪತ್ರೆಯ ವೈದ್ಯ ಎಳೆಯ ವಯಸ್ಸಿನವ, ಅವಸರವಿಲ್ಲದ ಮಾತಿನವ. ಯಾವ ಔಷಧಿ, ಎಷ್ಟು, ಎಷ್ಟು ವರ್ಷದಿಂದ ಎಂದು ಇಂಗ್ಲಿಷಿನಲ್ಲಿ ಕೇಳಿ ಬರೆದುಕೊಂಡ. ತಾಯಿ ಔಷಧಿಯ ಹೆಸರು ತಪ್ಪಿಲ್ಲದೆ ಹೇಳಿದಳು. ಬೆಳಿಗ್ಗೆ ಎರಡು, ರಾತ್ರಿ ಎರಡು, ಮೂರು ವರ್ಷದಿಂದ.

"ಕೊನೆಯ ಮಾತ್ರೆ ಯಾವಾಗ ತೆಗೆದುಕೊಂಡಳು?"

"ನಿನ್ನೆ ಎರಡು ಹೊತ್ತೂ ತಪ್ಪಿತು. ಕೊಡೋಕೆ ಆಗಲಿಲ್ಲ. ಇವತ್ತು ಬೆಳಿಗ್ಗೆ ಏಳೂವರೆಗೆ ಕೊಟ್ಟೆ. ತಗೊಂಡಿರ್ತಾಳೆ." ವೈದ್ಯ ಬರೆದುಕೊಂಡ.

ಮೇಡಂ ಆ ಬರವಣಿಗೆಯನ್ನೇ ನೋಡಿದರು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಶೌಚಾಲಯದ ಮುಚ್ಚಿದ ಬಾಗಿಲ ಹಿಂದೆ ನಡೆದದ್ದಕ್ಕೆ ಸಾಕ್ಷಿ ಗುಬ್ಬಿಯೊಬ್ಬಳೇ, ಗುಬ್ಬಿ ಹೇಳುವ ಹುಡುಗಿಯೂ ಅಲ್ಲ. ಆದರೆ ವೈದ್ಯ ಆ ಲೆಕ್ಕದ ಮೇಲೆ ಔಷಧಿ ಕೊಡುತ್ತಾನೆ. ತಪ್ಪು ಅಂಕಿಯ ಮೇಲೆ ಕಟ್ಟಿದ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಮೇಡಂಗಿಂತ ಚೆನ್ನಾಗಿ ಬಲ್ಲವರು ಯಾರು?

"ಇಲ್ಲ ಡಾಕ್ಟರ್. ಇವತ್ತೂ ತಗೊಂಡಿಲ್ಲ," ಎಂದರು. "ನಾನು ಅವಳ ಕೈಯಿಂದ ಕಿತ್ಕೊಂಡು ಬಿಸಾಕಿದೆ."

ವೈದ್ಯ ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದು, ದಾದಿಗೆ ಏನೋ ಹೇಳಿ ಪರದೆಯ ಹಿಂದೆ ಹೋದ. ತಾಯಿ ನಿಧಾನವಾಗಿ ಮೇಡಂ ಕಡೆ ತಿರುಗಿದಳು. ಕೂಗಾಡಿದ್ದರೆ ಒಳ್ಳೆಯದಿತ್ತು. ಅವಳು ಕೂಗಾಡಲಿಲ್ಲ.

"ಎಲ್ಲಿ ಬಿಸಾಕಿದ್ರಿ?"

"ಕಮೋಡಿಗೆ."

"ನಾಲ್ಕೂ?"

"ನಾಲ್ಕೂ."

ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ, ನಡುವೆ ಒಂದು ಖಾಲಿ ಕುರ್ಚಿ ಬಿಟ್ಟು ಇಬ್ಬರೂ ಕೂತರು. ಮೇಡಂ, "ಅರ್ಜಿಯಲ್ಲಿ ಕಾಯಿಲೆ ಏನಾದ್ರೂ ಇದೆಯಾ ಅಂತ ಕೇಳಿತ್ತಲ್ಲ. ಇಲ್ಲ ಅಂತ ಬರೆದಿದ್ರಿ," ಎಂದರು.

"ಬರೆದೆ. ಇದೆ ಅಂತ ಬರೆದಿದ್ರೆ ಕರ್ಕೊಂಡು ಬರ್ತಿದ್ರಾ?"

"ಅದು..."

"ಹೋದ ವರ್ಷದ ಹಿಂದಿನ ವರ್ಷ, ಬೆಟ್ಟಕ್ಕೆ ಹೋಗೋ ದಿನ, ಉಬ್ಬಸ ಇರೋ ಆ ಹುಡುಗನ್ನ ಬಸ್ಸಿಂದ ಇಳಿಸಿದೋರು ಯಾರು ಮೇಡಂ? ಎಲ್ಲಾ ಮಕ್ಕಳೂ ಕಿಟಕಿಯಿಂದ ನೋಡ್ತಿದ್ರು. ಅವನು ಚೀಲ ತಬ್ಕೊಂಡು ಗೇಟಿನ ಹತ್ರ ನಿಂತಿದ್ದ. ನನ್ನ ಮಗಳೂ ಅದೇ ಬಸ್ಸಲ್ಲಿದ್ಲು. ಮನೆಗೆ ಬಂದು ಏನು ಹೇಳಿದ್ಲು ಗೊತ್ತಾ? ಅಮ್ಮಾ, ನನ್ನ ವಿಷಯ ಸ್ಕೂಲಲ್ಲಿ ಯಾರಿಗೂ ಹೇಳಬೇಡ ಅಂದ್ಲು."

"ಬೆಟ್ಟದ ಮೇಲೆ ಅವನಿಗೆ ಉಸಿರು ಕಟ್ಟಿದ್ರೆ? ಒಂದು ಮಗೂಗೆ ಏನಾದ್ರೂ ಆದ್ರೆ ಉತ್ತರ ಹೇಳೋರು ಯಾರಮ್ಮ? ನಾನು."

"ಅವರಮ್ಮನ್ನ ಒಂದು ಮಾತು ಕೇಳಬಹುದಿತ್ತು. ಔಷಧಿ ಹೇಗೆ ಕೊಡೋದು ಅಂತ ಕೇಳಬಹುದಿತ್ತು. ನೀವು ಕೇಳಲಿಲ್ಲ, ಇಳಿಸಿದ್ರಿ."

ಆಮೇಲೆ ತಾಯಿ ತಾನಾಗಿಯೇ ಹೇಳಿದಳು: ಹೊರಡುವ ದಿನ ಶಾಲೆಯವರು ಎಲ್ಲರ ಚೀಲ ತಪಾಸಣೆ ಮಾಡುತ್ತಾರೆಂದು ಮಾತ್ರೆಗಳನ್ನು ಮಗಳ ಬಳಿ ಇಡಲಾಗಲಿಲ್ಲ. ಅಂಗಡಿಗೆ ಬೀಗ ಹಾಕಿ ತಾನೇ ಹಿಂದೆ ಬಂದಳು. ಕಾರ್ಯಕ್ರಮದ ಪಟ್ಟಿಯನ್ನು ಶಾಲೆಯೇ ಪೋಷಕರೆಲ್ಲರಿಗೂ ಕಳಿಸಿತ್ತು. ಕೋಟು ತಾನೇ ಹೊಲಿದದ್ದು. ಎಷ್ಟು ಜನರ ನಡುವೆ ಇದ್ದರೂ ಮಗಳ ಕಣ್ಣಿಗೆ ದೂರದಿಂದ ಕಾಣಲಿ, ಅಮ್ಮ ಇದ್ದಾಳೆಂದು ಧೈರ್ಯ ಇರಲಿ ಎಂದು ಆ ಬಣ್ಣ.

"ನಿನ್ನೆ ಮೂರು ಸಲ ನಿಮ್ಮ ಹತ್ರ ಬಂದು ಹೇಳಿಬಿಡೋಣ ಅಂತ ಹೆಜ್ಜೆ ಇಟ್ಟೆ. ನೀವು ನೋಡೋ ನೋಟ ನೋಡಿ ಕಾಲು ಮುಂದೆ ಬರಲಿಲ್ಲ." ಅವಳು ಅಂಗೈಯಿಂದ ಮುಖ ಒರೆಸಿಕೊಂಡಳು. "ನಿನ್ನೆಯೇ ಹೇಳಿಬಿಡಬೇಕಿತ್ತು. ಅದು ನನ್ನ ತಪ್ಪು. ಅದನ್ನ ನಿಮ್ಮ ತಲೆಗೆ ಕಟ್ಟಲ್ಲ."

ವೈದ್ಯ ಹೊರಗೆ ಬಂದ. ಅಪಾಯವಿಲ್ಲ, ಮಲಗಿದ್ದಾಳೆ, ಆದರೆ ಇಂದು ವಿಮಾನ ಹತ್ತುವಂತಿಲ್ಲ, ಎರಡು ದಿನ ಇರಲಿ ಎಂದ. ಮೇಡಂ ಶಾಲೆಯ ಹೆಡ್ ಮೇಡಂಗೆ ಫೋನ್ ಮಾಡಿದರು. ಎಲ್ಲವನ್ನೂ ಕೇಳಿದ ಮೇಲೆ ಅತ್ತ ಕಡೆಯ ದನಿ ತಗ್ಗಿತು.

"ಆ ಹೆಂಗಸು ತಾಯಿನೇ ಅಂತ ಏನು ಗ್ಯಾರಂಟಿ? ಸರಿಯಾಗಿ ನೋಡಿ. ಆಮೇಲೆ ಅವಳ ಕೈಯಿಂದ ಒಂದು ಪತ್ರ ಬರೆಸ್ಕೊಳ್ಳಿ, ಕಾಯಿಲೆ ಮುಚ್ಚಿಟ್ಟಿದ್ದು ನಾವೇ, ಶಾಲೆಗೆ ಇದರಲ್ಲಿ ಸಂಬಂಧ ಇಲ್ಲ ಅಂತ. ಮಾತ್ರೆ ವಿಷಯ ನೀವು ಇನ್ನೆಲ್ಲೂ ಬಾಯಿಬಿಡಬೇಡಿ. ತಿಳೀತಾ?"

"ತಿಳೀತು," ಎಂದರು ಮೇಡಂ. ತಿಳಿಯಿತೆಂದರೇ ಹೊರತು ಒಪ್ಪಿದೆ ಎನ್ನಲಿಲ್ಲ.

ಮೊದಲನೆಯದನ್ನು ಮಾತ್ರ ಮಾಡಿದರು. ಹೊಟ್ಟೆಯ ಚೀಲದಿಂದ ಗುಬ್ಬಿಯ ಪಾಸ್‌ಪೋರ್ಟು ತೆಗೆದು ಕೊನೆಯ ಪುಟ ಬಿಡಿಸಿದರು. ಅಲ್ಲಿ ತಾಯಿಯ ಹೆಸರಿತ್ತು. "ನಿಮ್ಮ ಪಾಸ್‌ಪೋರ್ಟ್ ಸ್ವಲ್ಪ ಕೊಡ್ತೀರಾ?" ಎಂದರು.

ತಾಯಿ ಅವರನ್ನು ಒಂದು ಗಳಿಗೆ ದಿಟ್ಟಿಸಿದಳು. "ಇನ್ನೂನಾ?"

"ಇನ್ನೂ. ಮಗೂನ ಒಪ್ಪಿಸ್ತಿದೀನಮ್ಮ. ನೋಡದೇ ಒಪ್ಪಿಸಿದ್ರೆ ನೀವೇ ನಾಳೆ ನನ್ನ ನಂಬಲ್ಲ."

ತಾಯಿ ಕೊಟ್ಟಳು. ಮೇಡಂ ಎರಡೂ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು, ಫೋಟೋ ನೋಡಿದರು, ಮುಖ ನೋಡಿದರು. ಆಮೇಲೆ ಎರಡೂ ಪಾಸ್‌ಪೋರ್ಟುಗಳನ್ನು ಅವಳ ಕೈಗಿಟ್ಟರು. ನಂತರ ದಾದಿಯ ಮೇಜಿನಿಂದ ಒಂದು ಬಿಳಿ ಹಾಳೆ ಕೇಳಿ ತಂದು, ಮಂಡಿಯ ಮೇಲೆ ಚೀಲ ಇಟ್ಟುಕೊಂಡು ಬರೆದರು. ಹೆಡ್ ಮೇಡಂ ಹೇಳಿದ ಪತ್ರವನ್ನಲ್ಲ. ಇಂಥ ದಿನ ಇಷ್ಟು ಗಂಟೆಗೆ ವಿದ್ಯಾರ್ಥಿನಿಯ ಕೈಯಲ್ಲಿದ್ದ ನಾಲ್ಕು ಮಾತ್ರೆಗಳನ್ನು, ಅವು ಏನೆಂದು ಯಾರನ್ನೂ ವಿಚಾರಿಸದೆ, ನಾನು ನಾಶ ಮಾಡಿದೆ. ಹಿಂದಿನ ದಿನ ಆಕೆ ತನ್ನ ತಾಯಿಯನ್ನು ಕಾಣದಂತೆ ತಡೆದದ್ದೂ ನಾನೇ. ಕೆಳಗೆ ಸಹಿ.

ತಾಯಿ ಅದನ್ನು ಎರಡು ಸಲ ಓದಿದಳು. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಇದನ್ನ ಯಾಕೆ ಕೊಡ್ತಿದೀರಿ? ಇದರ ಬದಲು ನನ್ನಿಂದ ಏನು ಬರೆಸ್ಕೋಬೇಕು ಅಂತಿದೀರಿ?"

"ಏನೂ ಇಲ್ಲ."

"ನಂಬಲ್ಲ."

"ನಂಬಬೇಡಿ. ಇಟ್ಕೊಳ್ಳಿ, ಅಷ್ಟೆ."

ಹೊರಡುವ ಮುನ್ನ ಮೇಡಂ ಪರದೆ ಸರಿಸಿ ಒಳಗೆ ಇಣುಕಿದರು. ಗುಬ್ಬಿ ಎಚ್ಚರವಾಗಿದ್ದಳು. ತುಟಿಯ ಒಂದು ತುದಿ ಊದಿಕೊಂಡಿತ್ತು. ಮೇಡಂ ಏನೋ ಹೇಳಬೇಕೆಂದು ಬಂದವರು, ಬಾಯಿಗೆ ಬಂದದ್ದು, "ನೋವಿದೆಯಾ?" ಎಂಬುದೊಂದೇ.

"ಸ್ವಲ್ಪ ಮಿಸ್." ಹುಡುಗಿ ಮೇಡಂ ಹಿಂದೆ ಅಮ್ಮ ಇದ್ದಾಳೆಯೇ ಎಂದು ನೋಡಿದಳು. ಆಮೇಲೆ ಕೇಳಿದಳು: "ಎಲ್ಲರೂ ನೋಡಿದ್ರಾ?"

"ನೋಡಿದ್ರು."

"ರೇಡಿಯೋ ಕೂಡಾ?"

"ಅವಳೇ ಎಲ್ಲರಿಗಿಂತ ಜೋರಾಗಿ ಅತ್ತಿದ್ದು," ಎಂದರು ಮೇಡಂ. ಅದು ನಿಜವೂ ಆಗಿತ್ತು. ಗುಬ್ಬಿ ಗೋಡೆಯ ಕಡೆ ಹೊರಳಿದಳು. ನಕ್ಕಳೋ ಅತ್ತಳೋ ಮೇಡಂಗೆ ಕಾಣಲಿಲ್ಲ.

ಟ್ಯಾಕ್ಸಿ ಹಿಡಿದು ಅವರು ವಿಮಾನ ನಿಲ್ದಾಣ ಮುಟ್ಟಿದಾಗ ಚೆಕ್-ಇನ್ ಕೌಂಟರು ಮುಚ್ಚುವುದರಲ್ಲಿತ್ತು. ವಿಮಾನದಲ್ಲಿ ಡ್ರಾಯಿಂಗ್ ಮೇಷ್ಟ್ರು ಏನನ್ನೂ ಕೆದಕಿ ಕೇಳಲಿಲ್ಲ. ಊಟ ಬಂದಾಗ ಮೇಡಂ ಮುಂದಿನ ತಟ್ಟೆಯ ಮುಚ್ಚಳ ತಾವೇ ತೆಗೆದು, "ತಿನ್ನಿ ಮೇಡಂ," ಎಂದರು ಅಷ್ಟೆ.

ಮುಂದಿನ ವಾರ ಆಡಳಿತ ಮಂಡಳಿಯ ಸಭೆ ಕೂಡಿತು. ಮೇಡಂ ತಮ್ಮ ಬಾಯಿಂದಲೇ ಎಲ್ಲ ಹೇಳಿದ್ದರಿಂದ ವಿಚಾರಣೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಇನ್ನು ಮುಂದೆ ಅವರನ್ನು ಯಾವ ಪ್ರವಾಸಕ್ಕೂ ಕಳಿಸುವುದಿಲ್ಲವೆಂದಾಯಿತು. ಹೆಡ್ ಮೇಡಂ ಎದುರು ಸಿಕ್ಕಾಗ ಮುಖ ತಿರುಗಿಸಿಕೊಂಡು ಹೋಗತೊಡಗಿದರು. ಅದನ್ನೆಲ್ಲ ಮೇಡಂ ಹೊಟ್ಟೆಗೆ ಹಾಕಿಕೊಂಡರು. ಅವರು ಕೇಳಿದ್ದು ಒಂದೇ: ಸ್ಟಾಫ್ ರೂಮಿನ ಒಂದು ಸಣ್ಣ ಗೋಡೆಬೀರು ಮಕ್ಕಳ ಔಷಧಿಗೆ ಬೇಕು. ಅದು ಸಿಕ್ಕಿತು.

ಸಭೆಯ ಮರುದಿನ ಗುಬ್ಬಿಯ ತಾಯಿ ಶಾಲೆಗೆ ಬಂದಳು. ಕೋಟಿಲ್ಲದೆ, ಹತ್ತಿ ಸೀರೆಯಲ್ಲಿ, ಕತ್ತಿನಲ್ಲಿ ಮರೆತು ಹಾಗೇ ಬಂದ ಅಳತೆ ಟೇಪಿನೊಂದಿಗೆ ಅವಳು ಬೇರೆಯೇ ಮನುಷ್ಯಳಂತೆ ಕಂಡಳು. ವೈದ್ಯರ ಪತ್ರ, ಮಾತ್ರೆಗಳ ಡಬ್ಬಿ, ಮೂರ್ಛೆ ಬಂದಾಗ ಏನು ಮಾಡಬೇಕು ಏನು ಮಾಡಬಾರದೆಂದು ದುಂಡಗೆ ಬರೆದ ಹಾಳೆ ಎಲ್ಲವನ್ನೂ ಮೇಜಿನ ಮೇಲಿಟ್ಟಳು. ಮೇಡಂ ಬರೆದುಕೊಟ್ಟ ಪತ್ರದ ಸುದ್ದಿ ಎತ್ತಲಿಲ್ಲ.

"ಎಲ್ಲಿಡ್ತೀರಿ?"

ಮೇಡಂ ಬೀರು ತೋರಿಸಿದರು. ಅವಳು ಬಾಗಿಲು ತೆಗೆದಳು, ಹಾಕಿದಳು, ಬೀಗವನ್ನು ಎರಡು ಸಲ ಜಗ್ಗಿ ನೋಡಿದಳು.

"ಕೀಲಿ ಯಾರ ಹತ್ರ ಇರತ್ತೆ?"

"ಒಂದು ನನ್ನ ಹತ್ರ, ಇನ್ನೊಂದು ಡ್ರಾಯಿಂಗ್ ಸರ್ ಹತ್ರ."

"ನೀವಿಬ್ಬರೂ ಒಂದೇ ದಿನ ರಜ ಹಾಕಿದ್ರೆ?"

ಎಲ್ಲವನ್ನೂ ಮೊದಲೇ ಯೋಚಿಸಿ ಇಟ್ಟಿರುವವರೆಂದು ಹೆಸರಾದ ಮೇಡಂಗೆ ಅದು ಹೊಳೆದೇ ಇರಲಿಲ್ಲ. "ಮೂರನೇದು ಮಾಡಿಸಿ ಆಫೀಸಲ್ಲಿ ಇಡಿಸ್ತೀನಿ," ಎಂದರು.

"ಯಾವಾಗ?"

"ಇವತ್ತೇ."

ತಾಯಿ ಗೋಡೆಯ ಗಡಿಯಾರ ನೋಡಿದಳು, ಮತ್ತೆ ಮೇಡಂ ಮುಖ ನೋಡಿದಳು. ಆಮೇಲೆ ಬಾಗಿಲ ಹೊರಗಿನ ಬೆಂಚಿನ ಮೇಲೆ ಹೋಗಿ, ಕಾಲ ಬಳಿ ಚೀಲ ಇಟ್ಟು ಕೂತಳು.

"ಮಾಡಿಸ್ಕೊಂಡು ಬನ್ನಿ," ಎಂದಳು. "ಕಾಯ್ತೀನಿ."

ಮೇಡಂ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು, ಕೊಡೆಯನ್ನೂ ಮರೆತು, ಬೀಗದ ಅಂಗಡಿಯ ದಾರಿ ಹಿಡಿದರು.